ಹೆಮ್ಮರಗಳ ನಡುವೆ ನಡೆದು ಹೆಬ್ಬಂಡೆಯ ನೆತ್ತಿಗೆ: ಜೈಂಟ್ ಫಾರೆಸ್ಟ್, ಮೊರೊ ರಾಕ್

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸಿಯೆರಾ ನೆವಾಡಾ ಪರ್ವತಶ್ರೇಣಿಯ ಪಶ್ಚಿಮದ ಇಳಿಜಾರಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 6,400 ಅಡಿ ಎತ್ತರದಲ್ಲಿ ಜೈಂಟ್ ಫಾರೆಸ್ಟ್ ಹರಡಿಕೊಂಡಿದೆ. ಸಿಕ್ವೊಯಾ ರಾಷ್ಟ್ರೀಯ ಉದ್ಯಾನಕ್ಕೆ ಹೆಸರು ತಂದ ಕಾಡು ಇದು. ಜಗತ್ತಿನ ಅತಿ ದೊಡ್ಡ ಮರ ಇರುವುದೂ ಇಲ್ಲಿಯೇ. ಈ ಕಾಡು ಮುಗಿದು ಕವೀಯಾ ನದಿಯ ಕಣಿವೆ ಬಾಯ್ದೆರೆಯುವ ಕಡೆ ಮೊರೊ ರಾಕ್ ಎಂಬ ಬೋಳು ಗ್ರಾನೈಟ್ ಬಂಡೆ ನಿಂತಿದೆ. ಮರಗಳ ನೆರಳಿನಲ್ಲಿ ನಡೆದು, ಬಂಡೆ ಹತ್ತಿ ಇಳಿದು, ಹುಲ್ಲುಗಾವಲು ಬಳಸಿಕೊಂಡು ವಾಪಸಾಗಲು ಒಂದು ಹಗಲು ಸಾಕು.

ತಪ್ಪಲಿನ ಥ್ರೀ ರಿವರ್ಸ್ ಎಂಬ ಊರಿನಿಂದ ಜನರಲ್ಸ್ ಹೈವೇ ಘಟ್ಟದ ರಸ್ತೆಯಂತೆ ಸುತ್ತಿಸುತ್ತಿ ಮೇಲೇರುತ್ತದೆ. ಕುರುಚಲು ಗಿಡಗಳ ಒಣ ಗುಡ್ಡದಿಂದ ಹೊರಟ ವಾಹನ ನೂರಕ್ಕೂ ಹೆಚ್ಚು ತಿರುವುಗಳನ್ನು ದಾಟಿ ತಂಪು ಕಾಡಿಗೆ ಬಂದು ಸೇರುತ್ತದೆ. ಚಾರಣ ಶುರುವಾಗುವುದು ಜೈಂಟ್ ಫಾರೆಸ್ಟ್ ಮ್ಯೂಸಿಯಂ ಅಂಗಳದಿಂದ. ಎದುರಿಗೇ 250 ಅಡಿ ಮೀರಿದ ಸೆಂಟಿನಲ್ ಎಂಬ ಸಿಕ್ವೊಯಾ ಮರ ಇದೆ. ಹೊಸಬರು ಬೆರಗಾಗಿ ನೋಡುವ ಈ ಮರ ಇಲ್ಲಿಯ ಲೆಕ್ಕದಲ್ಲಿ ಸಾಧಾರಣ ಗಾತ್ರದ್ದು.

ಸಿಕ್ವೊಯಾ ಮರ ನೈಸರ್ಗಿಕವಾಗಿ ಬೆಳೆಯುವುದು ಸಿಯೆರಾ ನೆವಾಡಾದ ಪಶ್ಚಿಮದ ಮಗ್ಗುಲಲ್ಲಿ ಮಾತ್ರ, ಅದೂ ಸುಮಾರು 70 ತೋಪುಗಳಲ್ಲಿ. ಜಗತ್ತಿನ ಬೇರೆಡೆ ಕಾಣಸಿಗುವವೆಲ್ಲ ನೆಟ್ಟು ಬೆಳೆಸಿದವು. ಬುಡಕ್ಕೆ ಹೋಗಿ ತೊಗಟೆಯ ಮೇಲೆ ಕೈಯಿಟ್ಟರೆ ಮರ ಮುಟ್ಟಿದ ಹಾಗೆ ಅನಿಸುವುದಿಲ್ಲ. ತೆಂಗಿನ ನಾರಿನಂತೆ ಎಳೆ ಎಳೆಯಾಗಿ, ಮೆತ್ತಗೆ, ಕೆಂಪಗೆ ಇರುತ್ತದೆ. ಕೆಲವೆಡೆ ಈ ತೊಗಟೆ ಎರಡು ಅಡಿ ದಪ್ಪ. ಅದರಲ್ಲಿ ಟ್ಯಾನಿನ್ ಹೇರಳವಾಗಿರುವುದರಿಂದ ಹುಳು, ಶಿಲೀಂಧ್ರಗಳ ಆಟ ನಡೆಯುವುದಿಲ್ಲ. ರಾಳ ತೀರಾ ಕಡಿಮೆ ಇರುವುದರಿಂದ ಬೆಂಕಿ ಸುಲಭವಾಗಿ ಹಿಡಿಯುವುದಿಲ್ಲ. ಎಷ್ಟೋ ಮರಗಳ ಬುಡದಲ್ಲಿ ಮನುಷ್ಯ ನಿಲ್ಲುವಷ್ಟು ದೊಡ್ಡ ಸುಟ್ಟ ಪೊಟರೆಗಳಿದ್ದರೂ ಮೇಲೆ ಹಸಿರು ಚಿಗುರುತ್ತಲೇ ಇರುತ್ತದೆ.

ಇಷ್ಟು ದೊಡ್ಡ ಮರದ ಕಾಯಿ ಕೋಳಿಮೊಟ್ಟೆಯಷ್ಟು. ಅದರೊಳಗಿನ ಬೀಜ ಗಾಳಿಗೆ ಹಾರುವ ತೆಳು ಚಕ್ಕೆ. ಬಲಿತ ಕಾಯಿ ಹಸಿರಾಗಿಯೇ, ಬಾಯಿ ಬಿಡದೆ, 20 ವರ್ಷದವರೆಗೂ ಕೊಂಬೆಯಲ್ಲಿ ಉಳಿಯಬಲ್ಲದು. ಅಳಿಲು ಕಚ್ಚಿದರೆ, ದುಂಬಿಯ ಮರಿ ಕೊರೆದರೆ, ಇಲ್ಲವೇ ಕೆಳಗಿನ ಬೆಂಕಿಯ ಬಿಸಿ ತಾಗಿದರೆ ಕಾಯಿ ಒಣಗಿ ಬೀಜ ಉದುರುತ್ತದೆ. ಬೆಂಕಿ ನೆಲದ ತರಗೆಲೆ, ಕಸವನ್ನು ಸುಟ್ಟು ಬರಿ ಮಣ್ಣನ್ನು ತೆರೆದಿಟ್ಟ ಕಡೆಯೇ ಅದು ಚೆನ್ನಾಗಿ ಮೊಳೆಯುತ್ತದೆ. ಇನ್ನು ಬೇರಂತೂ ಆಳಕ್ಕೆ ಇಳಿಯುವಂಥದ್ದಲ್ಲ. ತಾಯಿಬೇರಿಲ್ಲದ ಈ ಮರ ಮೇಲ್ಮಣ್ಣಿನಲ್ಲಿ ದೂರದೂರಕ್ಕೆ ಬೇರು ಚಾಚಿ, ತನ್ನ ಭಾರವನ್ನು ತಾನೇ ಸರಿತೂಗಿಸಿಕೊಂಡು ನಿಂತಿರುತ್ತದೆ.

ಬೇರಿನ ಈ ಗುಣವೇ ಜೈಂಟ್ ಫಾರೆಸ್ಟ್‌ನ ಇತ್ತೀಚಿನ ಚರಿತ್ರೆಯನ್ನು ಬದಲಿಸಿತು. 20ನೇ ಶತಮಾನದ ಬಹುಪಾಲು ಈ ಕಾಡಿನ ನಡುವೆ ಒಂದು ಪುಟ್ಟ ಪಟ್ಟಣವೇ ಇತ್ತು: ವಸತಿಗೃಹ, ಅಂಗಡಿ, ಹೋಟೆಲ್, ಪೆಟ್ರೋಲ್ ಬಂಕ್, ವಾಹನ ನಿಲ್ದಾಣ. ಜನರ ತುಳಿತಕ್ಕೆ ನೆಲ ಗಟ್ಟಿಯಾಯಿತು, ಚರಂಡಿ ಕೊಳವೆಗಳಿಗಾಗಿ ಬೇರು ಕಡಿಯಬೇಕಾಯಿತು. ಅಧೀಕ್ಷಕರಾಗಿದ್ದ ಕರ್ನಲ್ ಜಾನ್ ವೈಟ್ 1920-30ರ ದಶಕದಲ್ಲೇ ಕಟ್ಟಡಗಳಿಗೆ ಮಿತಿ ಹಾಕಲು ಹೋರಾಡಿದರೂ ಅವರ ಮಾತು ಪೂರ್ತಿ ನಡೆಯಲಿಲ್ಲ. ಕೊನೆಗೆ 1990ರ ದಶಕದ ಅಂತ್ಯದಲ್ಲಿ 282 ಕಟ್ಟಡಗಳನ್ನು ತೆಗೆದುಹಾಕಿ ನೆಲವನ್ನು ಕಾಡಿಗೆ ಮರಳಿಸಲಾಯಿತು. ಈಗಿನ ಮ್ಯೂಸಿಯಂ 1928ರಲ್ಲಿ ಕಟ್ಟಿದ ಮಾರುಕಟ್ಟೆ ಕಟ್ಟಡ. ಪ್ರವಾಸಿ ತಾಣವೊಂದು ತಾನು ಕಟ್ಟಿದ್ದನ್ನು ತಾನೇ ಕೆಡವಿ ಮರಕ್ಕೆ ಜಾಗ ಬಿಟ್ಟುಕೊಟ್ಟ ಇಂಥ ನಿದರ್ಶನ ಅಪರೂಪ. ಇಲ್ಲಿಯ ಯಾವ ದಾಖಲೆ ಗಾತ್ರದ ಮರಕ್ಕಿಂತಲೂ ಇದೇ ದೊಡ್ಡ ಸಂಗತಿ.

ಮ್ಯೂಸಿಯಂ ಪಕ್ಕದಿಂದ ಹೊರಡುವ ಕಾಲುದಾರಿ ಮೊರೊ ರಾಕ್‌ವರೆಗೆ ಮೂರು ಕಿಲೋಮೀಟರಿಗಿಂತ ತುಸು ಕಡಿಮೆ. ದಾರಿಯಲ್ಲಿ ಸಿಗುವ ಹ್ಯಾಂಗಿಂಗ್ ರಾಕ್ ಎಂಬಲ್ಲಿ ಅಂಚಿಗೆ ಬಂದು ನಿಂತ ಗುಂಡು ಇದೆ. ಅಲ್ಲಿಂದ ಮೊರೊ ರಾಕ್‌ನ ಪೂರ್ಣ ಆಕಾರ ಕಾಣುವುದರಿಂದ ಆ ಸಣ್ಣ ಬಳಸುದಾರಿ ತಪ್ಪಿಸಿಕೊಳ್ಳುವಂಥದ್ದಲ್ಲ. ಸಮೀಪದಲ್ಲೇ ಹಾದುಹೋಗುವ ವಾಹನ ರಸ್ತೆಗೂ ಒಂದು ಕಥೆ ಇದೆ. 1903ರ ಬೇಸಿಗೆಯಲ್ಲಿ ಉದ್ಯಾನದ ಉಸ್ತುವಾರಿ ಹೊತ್ತಿದ್ದವರು ಕ್ಯಾಪ್ಟನ್ ಚಾರ್ಲ್ಸ್ ಯಂಗ್. ಗುಲಾಮಗಿರಿಯಲ್ಲಿ ಹುಟ್ಟಿ, ಸೇನಾಧಿಕಾರಿಯಾಗಿ, ಅಮೆರಿಕದ ರಾಷ್ಟ್ರೀಯ ಉದ್ಯಾನವೊಂದರ ಹೊಣೆ ಹೊತ್ತ ಮೊದಲ ಕಪ್ಪು ವರ್ಣೀಯ. ಅವರ ದಳದ ಸೈನಿಕರು ಆ ಒಂದೇ ಬೇಸಿಗೆಯಲ್ಲಿ ಜೈಂಟ್ ಫಾರೆಸ್ಟ್‌ಗೆ ಗಾಡಿ ರಸ್ತೆ ಪೂರ್ಣಗೊಳಿಸಿ ಮೊರೊ ರಾಕ್‌ನ ಬುಡದವರೆಗೂ ಒಯ್ದರು. ಮರವೊಂದಕ್ಕೆ ಅವರ ಹೆಸರಿಡಲು ಊರವರು ಮುಂದಾದಾಗ ಯಂಗ್ ಒಪ್ಪದೆ, ಶಿಕ್ಷಣತಜ್ಞ ಬೂಕರ್ ಟಿ. ವಾಷಿಂಗ್ಟನ್ ಹೆಸರು ಸೂಚಿಸಿದರು. ಯಂಗ್ ಹೆಸರಿನ ಮರಕ್ಕೆ 2004ರವರೆಗೆ ಕಾಯಬೇಕಾಯಿತು. ಎರಡೂ ಮರಗಳು ಈ ರಸ್ತೆಯ ಬದಿಯಲ್ಲಿವೆ.

ಮೊರೊ ರಾಕ್ 6,725 ಅಡಿ ಎತ್ತರದ ಗುಮ್ಮಟ. ಸುಮಾರು ಹತ್ತು ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಶಿಲಾಪಾಕ ತಣ್ಣಗಾಗಿ ಗಟ್ಟಿಯಾದದ್ದು. ಮೇಲಿದ್ದ ನೆಲ ಸವೆದು ಒತ್ತಡ ಇಳಿದಂತೆಲ್ಲ ಬಂಡೆ ಹಿಗ್ಗಿ, ಹೊರಮೈಯಿಂದ ಪದರ ಪದರವಾಗಿ ಕಳಚುತ್ತ, ಮೂಲೆಗಳೆಲ್ಲ ಹೋಗಿ ದುಂಡಗಾಗಿದೆ. ಸಾವನದುರ್ಗ, ರಾಮನಗರದ ಬೆಟ್ಟಗಳಲ್ಲಿ ನಡೆದಿರುವುದೂ ಇದೇ ಕ್ರಿಯೆ. ಆದರೆ ಆ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ಆ ಲೆಕ್ಕದಲ್ಲಿ ಮೊರೊ ರಾಕ್ ಇನ್ನೂ ಎಳೆಯದು.

ದಾಖಲಾದ ಮೊದಲ ಆರೋಹಣ 1861ರದು. ದನ ಮೇಯಿಸಲು ಬಂದ ಹೇಲ್ ಥಾರ್ಪ್ ಮತ್ತು ಅವರ ಮಲಮಕ್ಕಳು ಹತ್ತಿದ್ದರು. 1917ರಲ್ಲಿ ಹಾಕಿದ ಮರದ ಮೆಟ್ಟಿಲುಗಳು ಬಾಳಿಕೆ ಬರಲಿಲ್ಲ. ಈಗಿನ ಕಲ್ಲು-ಕಾಂಕ್ರೀಟಿನ ಮೆಟ್ಟಿಲು 1931ರದು. ಬಂಡೆಯನ್ನು ಸಿಡಿಸಿ ನೇರ ದಾರಿ ಮಾಡುವ ಬದಲು, ಇದ್ದ ಬಿರುಕು, ಜಗಲಿಗಳನ್ನೇ ಹಿಡಿದು 350ಕ್ಕೂ ಹೆಚ್ಚು ಮೆಟ್ಟಿಲು ಕೂರಿಸಿದ್ದಾರೆ. ಕೆಲವೆಡೆ ಎರಡು ಬಂಡೆಗಳ ಸಂದಿಯಲ್ಲಿ ಒಬ್ಬರೇ ನುಸುಳಬೇಕು. ಎದುರಿನಿಂದ ಬರುವವರಿಗೆ ಗೋಡೆಗೆ ಒತ್ತಿ ನಿಂತು ದಾರಿ ಕೊಡಬೇಕು. ಮುಂದಿನ ತಿರುವಿನಲ್ಲೇ ಕಂಬಿಯಾಚೆ ಬರಿ ಆಕಾಶ. ಏರುವುದು ಸುಮಾರು 300 ಅಡಿ ಮಾತ್ರವಾದರೂ ಗಾಳಿ ತೆಳುವಾದ್ದರಿಂದ ಏದುಸಿರು ಬರುತ್ತದೆ.

ನೆತ್ತಿಯಲ್ಲಿ ಪೂರ್ವಕ್ಕೆ ತಿರುಗಿದರೆ ಗ್ರೇಟ್ ವೆಸ್ಟರ್ನ್ ಡಿವೈಡ್ ಎಂಬ ಹಿಮಶಿಖರಗಳ ಸಾಲು. ಅಲಾಸ್ಕಾ ಬಿಟ್ಟರೆ ಅಮೆರಿಕದ ಅತಿ ಎತ್ತರದ ಶಿಖರವಾದ ಮೌಂಟ್ ವಿಟ್ನಿ ಈ ಗೋಡೆಯ ಹಿಂದೆ ಮರೆಯಾಗಿದೆ. ಕಣಿವೆಯಾಚೆ ಕ್ಯಾಸಲ್ ರಾಕ್ಸ್‌ನ ಚೂಪು ಗೋಪುರಗಳು. ಸಾವಿರಾರು ಅಡಿ ಕೆಳಗೆ ಕವೀಯಾ ನದಿಯ ಬಿಳಿ ಗೆರೆ. ಪಶ್ಚಿಮಕ್ಕೆ ಸ್ಯಾನ್ ವಾಕೀನ್ ಬಯಲು ಇದೆ. ಬೇಸಿಗೆಯಲ್ಲಿ ಅದರ ಮೇಲೆ ಕವಿಯುವ ಹೊಗೆಮಬ್ಬು ನೋಟವನ್ನು ಕೆಡಿಸುತ್ತದೆ ಎಂಬುದು ಬೇಸರದ ಸಂಗತಿ. ಮಳೆ ಅಥವಾ ಹಿಮ ಬಿದ್ದು ತಿಳಿಯಾದ ಮರುದಿನದ ಬೆಳಗ್ಗೆ ಹತ್ತುವುದು ಒಳ್ಳೆಯದು. ಬಂಡೆಯ ಕಡಿದಾದ ಮೈಯಲ್ಲಿ ಪೆರಿಗ್ರಿನ್ ಚಾಣಗಳು ಗೂಡು ಕಟ್ಟುತ್ತವೆ.

ಇಳಿದ ಮೇಲೆ ಎರಡು ಕಿಲೋಮೀಟರ್ ಆಸುಪಾಸಿನ ದಾರಿ ಕ್ರೆಸೆಂಟ್ ಮೆಡೋ ಎಂಬ ಹುಲ್ಲುಗಾವಲಿಗೆ ಒಯ್ಯುತ್ತದೆ. ಬೇಸಿಗೆಯ ಆರಂಭದಲ್ಲಿ ಕಾಡುಹೂಗಳು, ಆಗಾಗ ಹುಲ್ಲು ಮೇಯುವ ಕರಡಿ ಇಲ್ಲಿಯ ವಿಶೇಷ. ಸ್ವಲ್ಪ ಮುಂದೆ ಥಾರ್ಪ್ಸ್ ಲಾಗ್: ಉರುಳಿಬಿದ್ದ ಸಿಕ್ವೊಯಾದ ಟೊಳ್ಳನ್ನೇ ಥಾರ್ಪ್ ಬೇಸಿಗೆಯ ಬಿಡಾರ ಮಾಡಿಕೊಂಡಿದ್ದರು. ಈ ಕಾಡಿಗೆ ಜೈಂಟ್ ಫಾರೆಸ್ಟ್ ಎಂದು ಹೆಸರಿಟ್ಟ ನಿಸರ್ಗವಾದಿ ಜಾನ್ ಮ್ಯೂರ್ 1875ರಲ್ಲಿ ಇಲ್ಲಿ ಅತಿಥಿಯಾಗಿದ್ದರು. ಮರ ಕಡಿಯುವವರ ಕಣ್ಣು ಬಿದ್ದಿದ್ದ ಈ ಕಾಡುಗಳ ಪರವಾಗಿ ವೈಸೇಲಿಯಾದ ಪತ್ರಿಕಾ ಸಂಪಾದಕ ಜಾರ್ಜ್ ಸ್ಟೂವರ್ಟ್ ಬರೆದು ಜನಾಭಿಪ್ರಾಯ ರೂಪಿಸಿದರು. 1890ರ ಸೆಪ್ಟೆಂಬರ್ 25ರಂದು ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು.

ಕಾಲಿನಲ್ಲಿ ಇನ್ನೂ ಕಸುವಿದ್ದವರು ಇಲ್ಲಿಂದ ಟ್ರೇಲ್ ಆಫ್ ದ ಸಿಕ್ವೊಯಾಸ್ ಹಿಡಿದು ಜನರಲ್ ಶೆರ್ಮನ್ ಮರದ ಬಳಿ ಹೊರಬೀಳಬಹುದು. 275 ಅಡಿ ಎತ್ತರ, ಬುಡದ ಸುತ್ತಳತೆ 102 ಅಡಿ, ವಯಸ್ಸು ಎರಡು ಸಾವಿರ ವರ್ಷಕ್ಕೂ ಹೆಚ್ಚು. ಇದಕ್ಕಿಂತ ಎತ್ತರದ, ಹಳೆಯ ಮರಗಳು ಬೇರೆ ಇವೆ. ಕಾಂಡದ ಒಟ್ಟು ಗಾತ್ರದಲ್ಲಿ ಸಮನಾದದ್ದಿಲ್ಲ. 2021ರ ಸೆಪ್ಟೆಂಬರಿನಲ್ಲಿ ಕಾಡ್ಗಿಚ್ಚು ಹತ್ತಿರ ಬಂದಾಗ ಸಿಬ್ಬಂದಿ ಇದರ ಬುಡಕ್ಕೆ ಅಲ್ಯೂಮಿನಿಯಂ ಹೊದಿಕೆ ಸುತ್ತಿದ್ದರು. ಜೈಂಟ್ ಫಾರೆಸ್ಟ್ ಬಹುಮಟ್ಟಿಗೆ ಉಳಿಯಿತು. ದಶಕಗಳಿಂದ ಇಲ್ಲಿ ಬೇಕೆಂದೇ ಸಣ್ಣ ಬೆಂಕಿ ಹಾಕಿ ಒಣಕಸ ಸುಡುತ್ತಿದ್ದುದು ಅದಕ್ಕೆ ಮುಖ್ಯ ಕಾರಣ. ಬೇರೆಡೆ ಹಾಗಾಗಲಿಲ್ಲ: 2020 ಮತ್ತು 2021ರ ಬೆಂಕಿಗಳಲ್ಲಿ ಸಾವಿರಾರು ಹಳೆಯ ಸಿಕ್ವೊಯಾಗಳು ಸತ್ತವು. ಬೆಂಕಿಯನ್ನು ನೂರು ವರ್ಷ ತಡೆದದ್ದರ ಜೊತೆಗೆ ಬಿಸಿಯೇರುತ್ತಿರುವ ಹವೆ, ಬರ ಸೇರಿ ಬೆಂಕಿಯನ್ನೇ ನಂಬಿ ಬದುಕಿದ್ದ ಮರಕ್ಕೆ ಬೆಂಕಿಯೇ ಮಾರಿಯಾಯಿತು.

ಚಾರಣಕ್ಕೆ ಜೂನ್‌ನಿಂದ ಅಕ್ಟೋಬರ್‌ವರೆಗಿನ ಕಾಲ ಸೂಕ್ತ. ಬೇಸಿಗೆಯಲ್ಲಿ ಉಚಿತ ಶಟಲ್ ಬಸ್ ಇರುತ್ತದೆ. ಚಳಿಗಾಲದಲ್ಲಿ ಮೊರೊ ರಾಕ್ ರಸ್ತೆ ಮುಚ್ಚುತ್ತದೆ, ಹಿಮಗಟ್ಟಿದ ಮೆಟ್ಟಿಲು ಹತ್ತುವುದು ಅಪಾಯ. ಕರಡಿಗಳಿರುವುದರಿಂದ ತಿಂಡಿಯ ಗಂಟನ್ನು ಕಾರಿನಲ್ಲಾಗಲಿ ದಾರಿಬದಿಯಲ್ಲಾಗಲಿ ಬಿಡದೆ ಲೋಹದ ಪೆಟ್ಟಿಗೆಯಲ್ಲಿಡಬೇಕು. ಮರ ತಬ್ಬಿ ಫೋಟೊ ತೆಗೆಸಿಕೊಳ್ಳುವ ಆಸೆಗೆ ಬೇಲಿ ದಾಟಿ ಬೇರು ತುಳಿಯಬಾರದು. ಮಧ್ಯಾಹ್ನದ ಹೊತ್ತಿಗೆ ಶಿಖರಗಳ ಮೇಲೆ ಮೋಡ ಕಪ್ಪಾಗತೊಡಗಿದರೆ, ದೂರದಲ್ಲಿ ಒಂದೇ ಒಂದು ಗುಡುಗು ಕೇಳಿದರೂ, ಮೊರೊ ರಾಕ್ ಹತ್ತಬೇಡಿ. ಹತ್ತಿದ್ದರೆ ತಕ್ಷಣ ಇಳಿಯಿರಿ. ಆ ಬೋಳು ನೆತ್ತಿಗೆ ಸಿಡಿಲು ಬಡಿದು ಹಿಂದೆ ಜೀವಹಾನಿ ಆಗಿದೆ.