ಮಿದುಳಿನ ಸಂಶೋಧನೆಗೆ ಸರ್ಕಾರದ ಹಣ ಬರುವ ದಾರಿ

ಪ್ರಶ್ನೆ: ಡಿಮೆನ್ಷಿಯಾದಂಥ ನರರೋಗಗಳ ಸಂಶೋಧನೆಗೆ ಬ್ರಿಟನ್ ಸರ್ಕಾರ ಹಣ ಕೊಡುತ್ತದಲ್ಲ, ಯಾರಿಗೆ ಕೊಡಬೇಕೆಂದು ಮಂತ್ರಿಗಳೇ ತೀರ್ಮಾನಿಸುತ್ತಾರೆಯೇ? ಹಲವು ವಿಶ್ವವಿದ್ಯಾಲಯಗಳು ಅದನ್ನು ಹಂಚಿಕೊಳ್ಳುವುದು ಹೇಗೆ?
– ಓದುಗರೊಬ್ಬರು, ಗ್ರೀನ್‌ಫರ್ಡ್, ಲಂಡನ್

ಉತ್ತರ: ಇಲ್ಲ. ಸರ್ಕಾರ ನಿಗದಿ ಮಾಡುವುದು ಒಟ್ಟು ಮೊತ್ತವನ್ನು ಮಾತ್ರ. ಅದು 1913ರಲ್ಲಿ ಶುರುವಾದ ಮೆಡಿಕಲ್ ರಿಸರ್ಚ್ ಕೌನ್ಸಿಲ್‌ನಂಥ ಸಂಸ್ಥೆಗಳಿಗೆ ಹೋಗುತ್ತದೆ. ವಿಜ್ಞಾನಿಗಳ ತಂಡಗಳು ಅರ್ಜಿ ಹಾಕುತ್ತವೆ. ಅದೇ ವಿಷಯ ಬಲ್ಲ ಹೊರಗಿನ ತಜ್ಞರು ಅವುಗಳನ್ನು ಪರಿಶೀಲಿಸಿ ಅಭಿಪ್ರಾಯ ಬರೆಯುತ್ತಾರೆ. ಬಳಿಕ ತಜ್ಞರ ಸಮಿತಿ ಕೂತು ಅರ್ಜಿಗಳಿಗೆ ಅಂಕ ಕೊಡುತ್ತದೆ; ಮುಂದಿರುವವಕ್ಕೆ ಹಣ ಸಿಗುತ್ತದೆ.

ಜಂಟಿ ಯೋಜನೆ ಮದುವೆ ಅಡುಗೆಯಿದ್ದಂತೆ. ಮನೆಯವರು ದುಡ್ಡು ಕೊಡುವುದು ಮುಖ್ಯ ಭಟ್ಟರ ಕೈಗೆ. ತರಕಾರಿ ಹೆಚ್ಚುವವರು, ಬಡಿಸುವವರ ಪಾಲು ಅವರ ಮೂಲಕ. ಹಾಗೆಯೇ ಮುಂದಾಳು ವಿಶ್ವವಿದ್ಯಾಲಯ ಹಣ ಪಡೆದು, ಒಪ್ಪಂದದಂತೆ ಉಳಿದವರಿಗೆ ಹಂಚಿ, ಲೆಕ್ಕ ಒಪ್ಪಿಸುತ್ತದೆ.

2017ರಲ್ಲಿ ಆರಂಭವಾದ ಯುಕೆ ಡಿಮೆನ್ಷಿಯಾ ರಿಸರ್ಚ್ ಇನ್‌ಸ್ಟಿಟ್ಯೂಟ್ ಇಂಥ ಕೂಡುಕೆಲಸದ ದೊಡ್ಡ ಉದಾಹರಣೆ. ಅದಕ್ಕೆ ಈ ಕೌನ್ಸಿಲ್ ಜೊತೆ ಎರಡು ದತ್ತಿ ಸಂಸ್ಥೆಗಳೂ ಹಣ ಹಾಕಿದವು. ಕೇಂಬ್ರಿಡ್ಜ್, ಕಾರ್ಡಿಫ್, ಎಡಿನ್‌ಬರ್ಗ್, ಲಂಡನ್‌ಗಳಲ್ಲಿ ಅದರ ಕೇಂದ್ರಗಳಿವೆ. ನಿಮ್ಮ ಊರಿನಲ್ಲಿ ಸೆಂಟ್ರಲ್ ಲೈನ್ ರೈಲು ಹತ್ತಿದರೆ ಐದನೇ ನಿಲ್ದಾಣವಾದ ವೈಟ್ ಸಿಟಿಯಲ್ಲೇ ಒಂದಿದೆ.

ಸಂಶೋಧನೆಗೆ ಹಣದಷ್ಟೇ ಸ್ವಯಂಸೇವಕರೂ ಬೇಕು. 18 ದಾಟಿದ ಯಾರೇ ಆದರೂ, ಕಾಯಿಲೆ ಇರಲಿ ಬಿಡಲಿ, ‘ಜಾಯಿನ್ ಡಿಮೆನ್ಷಿಯಾ ರಿಸರ್ಚ್’ ಸೇವೆಯಲ್ಲಿ ಹೆಸರು ನೋಂದಾಯಿಸಬಹುದು. ನೀವೂ ಯೋಚಿಸಿ ನೋಡಿ.