ಬತ್ತಿದ ಕೊಳವೆಬಾವಿಯಿಂದ ಭೂಶಾಖ ಪಡೆಯಬಹುದೇ?

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಹೊಲಗಳಲ್ಲಿ ನೀರು ಬತ್ತಿದ ಕೊಳವೆಬಾವಿಗಳನ್ನು ಕಾಣಬಹುದು. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ರಾಷ್ಟ್ರೀಯ ಭೂಶಾಖ ನೀತಿಯು, ಕೈಬಿಟ್ಟ ತೈಲ ಹಾಗೂ ಅನಿಲ ಬಾವಿಗಳ ಮರುಬಳಕೆಗೆ ಒತ್ತು ನೀಡಿದೆ. ಹಾಗಾದರೆ ನಮ್ಮ ಬತ್ತಿದ ಬಾವಿಗಳಿಂದಲೂ ಶಕ್ತಿ ದೊರೆಯಬಹುದೇ? ಲೆಕ್ಕ ಹಾಕಿ ನೋಡೋಣ.

ಭೂಮಿಯೊಳಗೆ ಆಳಕ್ಕೆ ಇಳಿದಂತೆ ಉಷ್ಣತೆ ಏರುತ್ತದೆ. ಏರಿಕೆಯ ಈ ದರಕ್ಕೆ ಭೂಶಾಖ ಪ್ರವಣತೆ ಎನ್ನುತ್ತಾರೆ. ಇದು ಸಾಮಾನ್ಯವಾಗಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಸೆಲ್ಸಿಯಸ್. ಆದರೆ ಕರ್ನಾಟಕದ ಬಹುಭಾಗದ ತಳಪಾಯ ಬಹು ಪ್ರಾಚೀನವಾದ ಸ್ಥಿರ ಶಿಲೆ. ಅದರ ಮೂಲಕ ಮೇಲಕ್ಕೆ ಹರಿಯುವ ಶಾಖ ಕಡಿಮೆ. ಕೋಲಾರದ ಚಿನ್ನದ ಗಣಿಯಲ್ಲಿ ಸುಮಾರು 3 ಕಿ.ಮೀ. ಆಳದಲ್ಲಿ ಶಿಲೆಯ ಉಷ್ಣತೆ 65 ಡಿಗ್ರಿಯ ಆಸುಪಾಸಿನಲ್ಲಿತ್ತು. ಮೇಲ್ಮೈಯಲ್ಲಿ 27 ಡಿಗ್ರಿ ಎಂದುಕೊಂಡರೆ ಪ್ರವಣತೆ ಕಿಲೋಮೀಟರಿಗೆ ಸುಮಾರು 13 ಡಿಗ್ರಿ ಮಾತ್ರ.

ಗೋಕಾಕ ಸೀಮೆಗೂ ಇದೇ ದರವನ್ನು ಇಟ್ಟುಕೊಳ್ಳೋಣ. 300 ಮೀಟರ್ ಆಳದ ಕೊಳವೆಬಾವಿಯ ತಳದಲ್ಲಿ ಉಷ್ಣತೆ ಮೇಲ್ಮೈಗಿಂತ ಕೇವಲ 4 ಡಿಗ್ರಿ ಹೆಚ್ಚು. ವಿದ್ಯುತ್ತಿಗೆ ಬೇಕಾಗುವ 100 ಡಿಗ್ರಿಯನ್ನು ತಲುಪಲು ಐದೂವರೆ ಕಿಲೋಮೀಟರಿಗಿಂತ ಆಳಕ್ಕೆ ಇಳಿಯಬೇಕು!

“ಈ ಭಾಗದ ಕಪ್ಪು ಬಸಾಲ್ಟ್ ಶಿಲೆ ಲಾವಾದಿಂದ ಆದದ್ದಲ್ಲವೇ? ಆ ಬಿಸಿ ಎಲ್ಲಿ ಹೋಯಿತು?” ಎಂದು ವಿದ್ಯಾರ್ಥಿಗಳು ಕೇಳಬಹುದು. ಶಿಲಾಸ್ತರವೊಂದು ತಣಿಯುವ ಕಾಲವನ್ನು ಅಂದಾಜಿಸಲು ಅದರ ದಪ್ಪದ ವರ್ಗವನ್ನು ಶಾಖ ವಿಸರಣಾಂಕದಿಂದ ಭಾಗಿಸಬೇಕು. ಶಿಲೆಗೆ ಈ ಅಂಕ ಸೆಕೆಂಡಿಗೆ ಸುಮಾರು ಒಂದು ಚದರ ಮಿಲಿಮೀಟರ್. ಆಗ 1 ಕಿ.ಮೀ. ದಪ್ಪದ ಸ್ತರಕ್ಕೆ ಸುಮಾರು 32 ಸಾವಿರ ವರ್ಷ ಸಾಕು. ಲಾವಾ ಹರಿದು ಸುಮಾರು 6.6 ಕೋಟಿ ವರ್ಷಗಳಾಗಿವೆ.

ತೈಲಬಾವಿಯ ಸ್ಥಿತಿ ಬೇರೆ. ಗುಜರಾತಿನ ಖಂಭಾತ್ ಜಲಾನಯನದಂಥ ಪ್ರದೇಶದಲ್ಲಿ ಪ್ರವಣತೆ ಹೆಚ್ಚು. ಕೊರೆಯುವ ದುಬಾರಿ ಕೆಲಸವೂ ಆಗಲೇ ಮುಗಿದಿರುತ್ತದೆ. ತಳವನ್ನು ಮುಚ್ಚಿ, ಬಾವಿಯೊಳಗೆ ಶಾಖನಿರೋಧಕ ಕೊಳವೆಯನ್ನು ಇಳಿಸಿದರೆ, ಹೊರಸುತ್ತಿನಲ್ಲಿ ಇಳಿದ ತಣ್ಣೀರು ಬಿಸಿಯಾಗಿ ಒಳಕೊಳವೆಯಲ್ಲಿ ಮೇಲೇರುತ್ತದೆ. ಸೆಕೆಂಡಿಗೆ 3 ಕಿಲೋಗ್ರಾಂ ನೀರು 30 ಡಿಗ್ರಿಯಷ್ಟು ಶಾಖ ತಂದರೆ ದೊರೆಯುವ ಶಾಖ 3 × 4.2 × 30 = 378 ಕಿಲೋವಾಟ್. ಇಷ್ಟು ಕಡಿಮೆ ಉಷ್ಣತೆಯಲ್ಲಿ ದಕ್ಷತೆ ಶೇ. 10 ಇದ್ದರೆ ವಿದ್ಯುತ್ ಸುಮಾರು 38 ಕಿಲೋವಾಟ್. ಪಂಪಿನ ಖರ್ಚು ಇದರಲ್ಲೇ ಕಳೆಯಬೇಕು. ಶಿಲೆ ಮಂದ ಶಾಖವಾಹಕವಾದ್ದರಿಂದ ಬಾವಿಯ ಸುತ್ತಲಿನ ಭಾಗ ಕ್ರಮೇಣ ತಣಿಯುತ್ತದೆ. ಆದ್ದರಿಂದ ಧಾನ್ಯ ಒಣಗಿಸುವಂಥ ನೇರ ಬಳಕೆಯೇ ಹೆಚ್ಚು ಲಾಭಕರ.

ಶಿಕ್ಷಕರು ಇದನ್ನು ತರಗತಿಯ ಪ್ರಯೋಗವಾಗಿಸಬಹುದು. ಚಾಲನೆಯಲ್ಲಿರುವ ಹಲವು ಕೊಳವೆಬಾವಿಗಳ ನೀರಿನ ಉಷ್ಣತೆಯನ್ನು ಪೈಪಿನ ಬಾಯಲ್ಲೇ ಅಳೆದು, ಆಳದೊಡನೆ ನಕ್ಷೆ ಬರೆಯಿಸಿ. ಬೇರೆ ಬೇರೆ ಆಳದ ನೀರು ಬೆರೆಯುವುದರಿಂದ ಸಿಗುವುದು ಸ್ಥೂಲ ಅಂದಾಜು ಮಾತ್ರ.

ಬತ್ತಿದ ಬಾವಿಯ ಬಳಿಗೆ ಮಾತ್ರ ಮಕ್ಕಳನ್ನು ಒಯ್ಯಬೇಡಿ. 2017ರ ಏಪ್ರಿಲ್‌ನಲ್ಲಿ ಇದೇ ಜಿಲ್ಲೆಯ ಝುಂಜರವಾಡದಲ್ಲಿ ತೆರೆದ ಕೊಳವೆಬಾವಿಗೆ ಬಿದ್ದ ಬಾಲಕಿ ಬದುಕುಳಿಯಲಿಲ್ಲ. ಶಕ್ತಿ ನೀಡದ ಬಾವಿಯನ್ನು “ಮುಂದೆ ಬೇಕಾದೀತು” ಎಂದು ತೆರೆದಿಡಲು ಕಾರಣವಿಲ್ಲ. ಅದನ್ನು ಭದ್ರವಾಗಿ ಮುಚ್ಚಬೇಕು.