ಪೆಪ್ಪರ್ ಸ್ಪ್ರೇ ಊರಲ್ಲೇ ಇರಲಿ

ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡ್‌ಗೆ ಕೆಲಸಕ್ಕೆಂದು ಬಂದವರಿಗೆ ಸೈಕಲ್ ಹುಚ್ಚು ಹಿಡಿಯುವುದು ಸುಲಭ. ಪೂರ್ವಕ್ಕೆ ಬೆಟ್ಟಸಾಲು, ಉತ್ತರಕ್ಕೆ ಕಾಲುವೆಯ ದಂಡೆ, ಅದರ ಪಕ್ಕದಲ್ಲೇ ಹಳೆಯ ರೈಲು ಹಾದಿ. ಆದರೆ ದಾರಿಯಲ್ಲಿ ಯಾರಾದರೂ ಅಡ್ಡಗಟ್ಟಿದರೆ ಏನು ಗತಿ ಎಂಬ ಮಾತು ಬಂದೊಡನೆ ಬೆಂಗಳೂರಿನಿಂದ ತಂದ ನಂಬಿಕೆಗಳೂ ಇಲ್ಲಿನ ವಾಟ್ಸ್‌ಆ್ಯಪ್ ಗುಂಪಿನವೂ ಕಲಸಿಹೋಗುತ್ತವೆ.

ತಪ್ಪು ಕಲ್ಪನೆ: ಜೇಬಲ್ಲೊಂದು ಪೆಪ್ಪರ್ ಸ್ಪ್ರೇ ಇದ್ದರೆ ಧೈರ್ಯ.

ನಮ್ಮಲ್ಲಿ ಆನ್‌ಲೈನಿನಲ್ಲಿ ತರಿಸಿಕೊಳ್ಳಬಹುದಾದ ಈ ಡಬ್ಬಿ ಬ್ರಿಟನ್ನಿನಲ್ಲಿ 1968ರ ಬಂದೂಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ನಿಷೇಧಿತ ಆಯುಧ. ಬಳಸುವುದಿರಲಿ, ಇಟ್ಟುಕೊಳ್ಳುವುದೇ ಅಪರಾಧ. ಮಗಳ ಬ್ಯಾಗಿಗೆ ಅಮ್ಮ ಕಾಳಜಿಯಿಂದ ಹಾಕಿ ಕಳಿಸಿದ್ದು ಎಂದರೆ ಕಾನೂನು ಕರಗುವುದಿಲ್ಲ. ಚಾಕುವಿನದೂ ಅದೇ ಕಥೆ. ಮಡಚುವಂಥದ್ದಾಗಿರಬೇಕು, ಅಲಗು 3 ಇಂಚು ಮೀರಬಾರದು, ಬಿಚ್ಚಿದಾಗ ಲಾಕ್ ಆಗಬಾರದು. ಇಲ್ಲವಾದರೆ ಹೊರಗೆ ಒಯ್ಯುವುದಕ್ಕೆ ತಕ್ಕ ಕಾರಣ ಕೊಡಬೇಕಾಗುತ್ತದೆ. ‘ಆತ್ಮರಕ್ಷಣೆಗೆ ಇರಲಿ ಅಂತ’ ಎಂಬ ಉತ್ತರ ಸಾಮಾನ್ಯವಾಗಿ ಆ ಕಾರಣವಾಗುವುದಿಲ್ಲ. ಸ್ಪ್ಯಾನರ್ ಚಕ್ರ ಬಿಚ್ಚಲು ಇದ್ದರೆ ಸ್ಪ್ಯಾನರ್ ಮಾತ್ರ. ಯಾರಾದರೂ ಬಂದರೆ ಬಾರಿಸೋಣ ಎಂದು ಇಟ್ಟುಕೊಂಡರೆ 1953ರ ಅಪರಾಧ ತಡೆ ಕಾಯ್ದೆಯಡಿ ಅದೇ ಆಯುಧವಾಗುತ್ತದೆ. ಮೈಮೇಲೆ ಬಿದ್ದ ಹೊತ್ತಿನಲ್ಲಿ ಸಮಂಜಸವಾದ ಬಲ ಪ್ರಯೋಗಿಸಲು ಕಾನೂನು ಒಪ್ಪುತ್ತದೆ, ಮೊದಲೇ ಸಜ್ಜಾಗಿ ಹೊರಡಲು ಒಪ್ಪುವುದಿಲ್ಲ. ಕಿವಿಗಡಚಿಕ್ಕುವಂತೆ ಅರಚುವ ಪುಟ್ಟ ಅಲಾರಂ ಇಟ್ಟುಕೊಳ್ಳಲು ಮಾತ್ರ ಯಾರ ತಕರಾರೂ ಇಲ್ಲ.

ತಪ್ಪು ಕಲ್ಪನೆ: ಗದ್ದಲದ ರಸ್ತೆಗಿಂತ ಹಸಿರು ಹಾದಿಯೇ ಕ್ಷೇಮ.

ಲಾರಿಗಳಿಂದ ಕ್ಷೇಮ, ನಿಜ. ಮ್ಯಾಕಲ್ಸ್‌ಫೀಲ್ಡ್‌ನಿಂದ ಬಾಲಿಂಗ್ಟನ್ ದಾಟಿ ಮಾರ್ಪಲ್‌ವರೆಗೆ ಹೋಗುವ ಮಿಡಲ್‌ವುಡ್ ವೇ ಮೊದಲು ರೈಲು ಮಾರ್ಗ. 1970ರಲ್ಲಿ ರೈಲು ನಿಂತಿತು, 1985ರಲ್ಲಿ ನಡೆಯುವವರಿಗೆ, ಸೈಕಲ್ಲಿನವರಿಗೆ, ಕುದುರೆ ಸವಾರರಿಗೆ ಹಾದಿ ತೆರೆಯಿತು. ರೈಲಿಗೆ ಏರು-ಇಳಿಜಾರು ಆಗಿಬರುವುದಿಲ್ಲವಲ್ಲ, ಅದಕ್ಕೇ ಗುಡ್ಡ ಕಡಿದಿದ್ದಾರೆ, ತಗ್ಗು ತುಂಬಿದ್ದಾರೆ. ತುಳಿಯುವವನ ಮಂಡಿಗೆ ಇದು ಸುಖ. ಆದರೆ ಎರಡೂ ಬದಿ ಮಣ್ಣಿನ ದಿಣ್ಣೆ ಎದ್ದಿರುವ ಕಡೆ ಪಕ್ಕಕ್ಕೆ ತಿರುಗಿ ಪಾರಾಗಲು ಸಂದಿಯಿಲ್ಲ. ಮ್ಯಾಂಚೆಸ್ಟರಿನ ಫಾಲೋಫೀಲ್ಡ್ ಲೂಪ್ ಕೂಡ ಹೀಗೇ ಹಾದಿಯಾದ ರೈಲು ಮಾರ್ಗ. ಅಲ್ಲಿ ಸವಾರರನ್ನು ತಡೆದು ಸೈಕಲ್ ಕಿತ್ತುಕೊಂಡ ಸುದ್ದಿ ಸ್ಥಳೀಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ.

ಎಚ್ಚರ ಬೇಕಾದದ್ದು ಇಡೀ ಹಾದಿಯುದ್ದಕ್ಕಲ್ಲ, ವೇಗ ತಗ್ಗುವ ಜಾಗಗಳಲ್ಲಿ. ಮೋಟರ್‌ಬೈಕ್ ನುಗ್ಗದಿರಲೆಂದು ಇಂಥ ಹಾದಿಗಳಲ್ಲಿ ಅಲ್ಲಲ್ಲಿ ಕಬ್ಬಿಣದ ತಡೆ ನೆಟ್ಟಿರುತ್ತಾರೆ. ಅಲ್ಲಿ ಇಳಿಯಬೇಕು, ಹ್ಯಾಂಡಲ್ ಓರೆ ಮಾಡಿ ತೂರಿಸಬೇಕು. ಎರಡೂ ಕೈ ಸೈಕಲ್ ಮೇಲೆ, ಕಣ್ಣು ಕಂಬಿಗೆ ಸಿಕ್ಕಿಕೊಂಡ ಪೆಡಲ್ ಮೇಲೆ, ಬೆನ್ನು ಹಿಂದಿನಿಂದ ಬರುವವರಿಗೆ. ದೂರದಿಂದಲೇ ನೋಡಿ, ತಡೆಯ ಬಳಿ ಮುಖ ಮುಚ್ಚಿಕೊಂಡು ಸುಮ್ಮನೆ ನಿಂತವರಿದ್ದರೆ ಸೈಕಲ್ ತಿರುಗಿಸಿ. ಅವರು ಪಾಪದ ಹುಡುಗರೇ ಆಗಿದ್ದರೂ ನಿಮಗೆ ಹೋಗುವುದು ಹತ್ತು ನಿಮಿಷ. ಬೇಸಿಗೆಯ ಮಧ್ಯಾಹ್ನ ನಾಯಿ ಹಿಡಿದವರು, ಮಕ್ಕಳ ಗಾಡಿ ತಳ್ಳುವವರು ಹಾದಿಯಲ್ಲಿರುವಾಗ ಇಷ್ಟು ಯೋಚಿಸಬೇಕಿಲ್ಲ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲಾಗುತ್ತದೆ. ಆಗ ಒಂಟಿಯಾಗಿ ಮನೆಗೆ ಹೊರಟವರಿಗೆ ನಾನಂತೂ ದೀಪವಿರುವ, ಅಂಗಡಿ ತೆರೆದಿರುವ ರಸ್ತೆಯನ್ನೇ ಹೇಳುತ್ತೇನೆ.

ತಪ್ಪು ಕಲ್ಪನೆ: ಜೋರಾಗಿ ತುಳಿದರೆ ತಪ್ಪಿಸಿಕೊಳ್ಳಬಹುದು.

2021ರ ಅಕ್ಟೋಬರಿನಲ್ಲಿ ಲಂಡನ್ನಿನ ರಿಚ್ಮಂಡ್ ಪಾರ್ಕಿನಲ್ಲಿ ಅಲೆಕ್ಸಾಂಡರ್ ರಿಚರ್ಡ್‌ಸನ್ ಅವರನ್ನು ಮೋಟರ್‌ಬೈಕುಗಳಲ್ಲಿ ಬಂದ ನಾಲ್ವರು ಬೆನ್ನಟ್ಟಿದರು. ರಿಚರ್ಡ್‌ಸನ್ ತುಳಿದೇ ಹೊಟ್ಟೆ ಹೊರೆಯುವ ವೃತ್ತಿಪರ ಸೈಕಲ್ ಪಟು. ಅಂಥವರನ್ನೂ ಕೆಡವಿ, ಮಚ್ಚು ತೋರಿಸಿ ಸೈಕಲ್ ಒಯ್ದರು. ನಾವು ನೀವು ಯಾವ ಲೆಕ್ಕ? ಅದೂ ಅಡಿಗೆ ಪೆಡಲ್ ಕಚ್ಚುವ ಕ್ಲೀಟ್ ಕಟ್ಟಿದ ಬೂಟು ಹಾಕಿದ್ದರೆ ಇಳಿದು ಓಡುವುದೂ ದೂರದ ಮಾತು. ಕೇಳಿದರೆ ಕೊಟ್ಟುಬಿಡಿ. ಸಾಧ್ಯವಾದರೆ ಫೋನನ್ನು ಹ್ಯಾಂಡಲ್ಲಿಗೆ ಸಿಕ್ಕಿಸುವ ಬದಲು ಮೈಮೇಲಿನ ಜೇಬಿನಲ್ಲಿಡಿ. ಸೈಕಲ್ ಹೋದರೂ ಕರೆ ಮಾಡಲು ಅದೊಂದು ಉಳಿದೀತು.

ತಪ್ಪು ಕಲ್ಪನೆ: ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಿ 55 ಒತ್ತಿದರೆ ಪೊಲೀಸರಿಗೆ ನಾವಿರುವ ಜಾಗ ಗೊತ್ತಾಗುತ್ತದೆ.

ಗುಂಪುಗಳಲ್ಲಿ ಅತಿ ಹೆಚ್ಚು ಸುತ್ತುವುದು ಇದೇ. ಮೊಬೈಲಿನಿಂದ ಕರೆ ಮಾಡಿ ಮಾತಾಡಲಾಗದೆ ಇದ್ದಾಗ, ಸೂಚನೆ ಬಂದ ಮೇಲೆ 55 ಒತ್ತಿದರೆ ಕರೆ ಪೊಲೀಸರಿಗೆ ವರ್ಗವಾಗುತ್ತದೆ. 55ರ ಕೆಲಸ ಅಷ್ಟೇ. ಒತ್ತಿದ್ದರಿಂದಲೇ ನಿಮ್ಮ ಜಾಗ ಅವರಿಗೆ ತಿಳಿಯುವುದಿಲ್ಲ. ಹಾಗಾಗಿ ಎಲ್ಲಿದ್ದೀರೆಂದು ಪಿಸುಮಾತಲ್ಲಾದರೂ ಹೇಳುವುದು ಒಳ್ಳೆಯದು. ಮಿಡಲ್‌ವುಡ್ ವೇಯ ಒಂದು ತುದಿ ಚೆಷರ್ ಪೊಲೀಸರದು, ಮಾರ್ಪಲ್ ಕಡೆಯದು ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸರದು. ಹಾದಿಯ ಹೆಸರೊಂದೇ ಸಾಲದು, ಹತ್ತಿರದ ಊರಿನ ಹೆಸರೂ ಬೇಕು. ಮ್ಯಾಕಲ್ಸ್‌ಫೀಲ್ಡ್ ಕಾಲುವೆಯ ದಂಡೆಯಲ್ಲಿದ್ದರೆ ಪ್ರತಿ ಸೇತುವೆಗೂ ನಂಬರಿದೆ, ದಾಟುವಾಗ ಓದಿಕೊಳ್ಳಿ.

ತಪ್ಪು ಕಲ್ಪನೆ: ಹೋದ ಸೈಕಲ್ ಹೋಯಿತು, ದೂರು ಕೊಟ್ಟು ಏನು ಪ್ರಯೋಜನ?

ವಿಮೆಯವರು ಮೊದಲು ಕೇಳುವುದೇ ಪೊಲೀಸರು ಕೊಟ್ಟ ಅಪರಾಧ ಸಂಖ್ಯೆಯನ್ನು. ಇನ್ನು ಸಿಕ್ಕ ಸೈಕಲ್ ನಿಮ್ಮದೇ ಎಂದು ತೋರಿಸಲು ಫ್ರೇಮ್ ನಂಬರ್ ಬೇಕು. ಸೈಕಲ್ಲನ್ನು ತಲೆಕೆಳಗೆ ಮಾಡಿ, ಪೆಡಲ್ ಅಚ್ಚು ಕೂರುವ ಕೊಳವೆಯ ಕೆಸರು ಒರೆಸಿದರೆ ಸಾಮಾನ್ಯವಾಗಿ ಅಲ್ಲೇ ಕೊರೆದಿರುತ್ತದೆ. ಫೋಟೊ ತೆಗೆದು, ಬ್ರಿಟನ್ನಿನ ಪೊಲೀಸರು ಹುಡುಕಿ ನೋಡುವ ಬೈಕ್‌ರಿಜಿಸ್ಟರ್ ದಾಖಲೆಯಲ್ಲಿ ಹೆಸರಿನೊಂದಿಗೆ ಸೇರಿಸಿಬಿಡಿ.